ಎಡ ಹಿಂದಿನ ಸ್ಪೀಕರ್

2007ರ ಜುಲೈ 9, ಸೋಮವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಕಾಪುವಿನ ಲೀಲಾಧರ ಹದಿನೇಳನೆಯ ಸಲ ಸತ್ತ.

ಎಡಗಡೆಯ ಹಿಂದಿನಿಂದ ಬಂದ ಕಾವಲುಗಾರ ತಲೆಗೆ ಹೊಡೆದಿದ್ದ. ಹಿಂದಿನ ಹದಿನಾರು ಸಲವೂ ಅದೇ ಕಾವಲುಗಾರ, ಅದೇ ಎಡಗಡೆ. ಕಂಪ್ಯೂಟರಿನ ಪರದೆ ಕೆಂಪಾಯಿತು. ಲೀಲಾಧರ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಸತ್ತವನಿಗೆ ಸಲ್ಲಬೇಕಾದ ಒಂದು ನಿಮಿಷದ ಮೌನವನ್ನು ತಾನೇ ಆಚರಿಸಿದ.

ಆಟ ಹೊಸದಲ್ಲ. ಪಾಳುಬಿದ್ದ ಒಂದು ಬಂದರು, ಪೂರ್ತಿ ಕತ್ತಲೆ, ಒಳಗೆಲ್ಲೋ ಸಿಕ್ಕಿಕೊಂಡ ಒಬ್ಬ ಹುಡುಗಿ. ಅವಳು ಕರೆಯುತ್ತಾಳೆ, ಕರೆದ ದಿಕ್ಕು ಹಿಡಿದು ಹೋಗಿ ಅವಳನ್ನು ಬಿಡಿಸಬೇಕು. ಕಣ್ಣಿಗೆ ಅಲ್ಲಿ ಕೆಲಸ ಕಡಿಮೆ, ಕಿವಿಗೆ ಹೆಚ್ಚು. 1999ರಲ್ಲಿ ಮಣಿಪಾಲದ ಒಂದು ಸೈಬರ್ ಕೆಫೆಯಲ್ಲಿ, ಹೆಡ್‌ಫೋನ್ ಹಾಕಿಕೊಂಡು, ಹನ್ನೊಂದು ಮಂದಿ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಎದುರು ಲೀಲಾಧರ ಒಮ್ಮೆಯೂ ಸಾಯದೆ ಆ ಹುಡುಗಿಯನ್ನು ಬಿಡಿಸಿದ್ದ. ಅವನ ಬದುಕಿನಲ್ಲಿ ಜನ ಚಪ್ಪಾಳೆ ತಟ್ಟಿದ್ದು ಅದೊಂದೇ ದಿನ.

ಮೂವತ್ತಾರು ವರ್ಷದ ಗಂಡಸು ಮಧ್ಯಾಹ್ನ ಆಟ ಆಡುತ್ತಾನೆ ಎಂದರೆ ಕಾಪುವಿನಲ್ಲಿ ಮರ್ಯಾದೆ ಉಳಿಯುವುದಿಲ್ಲ. ಆದ್ದರಿಂದ ಆ ವರ್ಷ ಹೊಸ ಕಂಪ್ಯೂಟರ್ ತಂದಾಗ ಲೀಲಾಧರ ತಾಯಿ ವಾರಿಜಾಗೆ ಹೇಳಿದ್ದು ಇಷ್ಟು: "ಪ್ಲಾಂಟಿನ ಕೆಲಸಕ್ಕೆ ಅಮ್ಮ. ಮೆಷಿನಿನ ಶಬ್ದವನ್ನು ಸ್ಟಡಿ ಮಾಡಲಿಕ್ಕೆ ಉಂಟು."

ವಾರಿಜಾ ನಂಬಿದಳು. ನಂಬಲು ಕಾರಣವೂ ಇತ್ತು. ಲೀಲಾಧರ ಉದ್ಯಾವರದ ಒಂದು ಐಸ್ ಪ್ಲಾಂಟಿನಲ್ಲಿ ಹನ್ನೆರಡು ವರ್ಷದಿಂದ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದ. ನೋಡಿಕೊಳ್ಳುವುದು ಎಂದರೆ ನಿಜವಾಗಿ ಕೇಳಿಕೊಳ್ಳುವುದು. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಯಂತ್ರಕ್ಕೆ, ಹಿಡಿಯನ್ನು ಎಡಗಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, "ಮೂರನೇ ವಾಲ್ವ್ ಸಡಿಲ" ಎಂದರೆ ಮುಗಿಯಿತು. ಬಿಚ್ಚಿ ನೋಡಿದರೆ ಮೂರನೆಯದೇ ಸಡಿಲವಿರುತ್ತಿತ್ತು. ಮಾಲೀಕ ಓಸ್ವಾಲ್ಡ್ ಅವನ ಕಿವಿಯನ್ನು ಪ್ಲಾಂಟಿನ ಆಸ್ತಿ ಎಂದೇ ಭಾವಿಸಿದ್ದರು. ಆ ಮಳೆಗಾಲ ಕಂಪ್ರೆಸರನ್ನು ಪೂರ್ತಿ ಬಿಚ್ಚಿ ರಿಪೇರಿಗೆ ಕೊಟ್ಟಿದ್ದರು. "ಆಗಸ್ಟ್ ಎಂಟಕ್ಕೆ ಮೆಷಿನ್ ಸ್ಟಾರ್ಟ್. ನೀನು ಕಿವಿ ಇಟ್ಟು ಸರಿ ಉಂಟು ಅಂದರೆ ಮಾತ್ರ ಮೆಕ್ಯಾನಿಕ್‌ಗೆ ನಾನು ಸರಿ ಅನ್ನುವುದು" ಎಂದಿದ್ದರು. ಪ್ಲಾಂಟಿನಲ್ಲಿ ಲೀಲಾಧರನಿಗೆ ಇದ್ದ ಸ್ಥಾನವೆಲ್ಲ ಆ ಕಿವಿಯ ಮೇಲೆ ನಿಂತಿತ್ತು.

ಓದುಗರಿಗೆ ಇಲ್ಲಿಯೇ ಒಂದು ಸಂಗತಿ ತಿಳಿಸಿಬಿಡುವುದು ನ್ಯಾಯ. ಹನ್ನೆರಡು ವರ್ಷ ಯಂತ್ರಕ್ಕೆ ಒಡ್ಡಿದ ಆ ಎಡಗಿವಿ ಸುಮಾರು ಎರಡು ವರ್ಷದ ಹಿಂದೆಯೇ ಕೆಲಸ ನಿಲ್ಲಿಸಿತ್ತು. ಬಲಗಿವಿ ಇಬ್ಬರ ಕೆಲಸ ಒಬ್ಬನೇ ಮಾಡುತ್ತಿತ್ತು; ಸ್ಕ್ರೂಡ್ರೈವರಿನ ನಡುಕವೂ ತಲೆಯ ಮೂಳೆಯ ಮೂಲಕ ಅದಕ್ಕೇ ಮುಟ್ಟುತ್ತಿತ್ತು. ಹೀಗಾದಾಗ ಶಬ್ದ ಕೇಳುತ್ತದೆ, ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಎಲ್ಲವೂ ಬಲಗಡೆಯಿಂದಲೇ ಬಂದಂತೆ ಇರುತ್ತದೆ. ಇದು ಲೀಲಾಧರನಿಗೆ ಗೊತ್ತಿರಲಿಲ್ಲ. ಪ್ಲಾಂಟಿನಲ್ಲಿ ಅವನ ಸಹಾಯಕನಾಗಿದ್ದ ಬಾಗಲಕೋಟೆ ಕಡೆಯ ಈಶಪ್ಪ ಒಮ್ಮೆ ಕೇಳಿಯೂ ಇದ್ದ.

"ಅಣ್ಣಾರ, ನಾ ಎಡಕ ನಿಂತು ಒದರಿದ್ರ ನೀವು ಓ ಅನ್ನಂಗಿಲ್ಲ. ಬಲಕ ಬಂದು ಸಣ್ಣಗ ಅಂದ್ರ ಸೈತ ಕೇಳ್ತೈತಿ. ಯಾಕ್ರೀ ಹಂಗ?"

"ನೀನು ಎಡಕ್ಕೆ ನಿಂತಾಗ ಸರಿಯಾಗಿ ಮಾತಾಡುವುದಿಲ್ಲ" ಎಂದಿದ್ದ ಲೀಲಾಧರ.

ಈಶಪ್ಪ ಅಂದಿನಿಂದ ಬಲಕ್ಕೇ ನಿಲ್ಲುತ್ತಿದ್ದ.

ಹದಿನೇಳನೆಯ ಸಾವಿನ ಮರುದಿನ ಲೀಲಾಧರ ಮಣಿಪಾಲಕ್ಕೆ ಹೋಗಿ ರೋಶನ್‌ನ ಕಂಪ್ಯೂಟರ್ ಅಂಗಡಿ ಹತ್ತಿದ. ರೋಶನ್ ಇಪ್ಪತ್ತೈದರ ತರುಣ, ತಿಳಿದವನು, ತಿಳಿದದ್ದನ್ನೆಲ್ಲ ಹೇಳಿ ಮುಗಿಸುವವರೆಗೆ ಗಿರಾಕಿಯನ್ನು ಬಿಡುತ್ತಿರಲಿಲ್ಲ.

"ತಪ್ಪು ನಿಮ್ಮದಲ್ಲ ಲೀಲಣ್ಣ, ಹೊಸ ಸಿಸ್ಟಮ್‌ನದ್ದು. ಹಳೆ ಆಟ ಸೌಂಡ್ ಕಾರ್ಡಿಗೆ ನೇರ ಹೇಳುತ್ತಿತ್ತು: ಈ ಹೆಜ್ಜೆ ಎಡಗಡೆ ಹಿಂದೆ, ಏಳು ಅಡಿ ದೂರ, ಎದುರು ಗೋಡೆ ಉಂಟು ಅಂತ. ಈಗ ಮಧ್ಯದಲ್ಲಿ ಹೊಸ ಸಿಸ್ಟಮ್ ನಿಂತು ಆ ಮಾತು ಕಾರ್ಡಿಗೆ ಮುಟ್ಟಲಿಕ್ಕೇ ಬಿಡುವುದಿಲ್ಲ. ಎಲ್ಲ ಶಬ್ದವನ್ನೂ ಕಲಸಿ ಎರಡು ಸ್ಪೀಕರಿಗೆ ಹಾಕುತ್ತದೆ."

"ಹಾಗಾದರೆ ನನ್ನ ಕಿವಿಗೆ ಎಂತ ಆಗಲಿಲ್ಲ ಅಲ್ವಾ?"

"ನಿಮ್ಮ ಕಿವಿಗೆ ಎಂತ ಆಗುವುದು ಮಾರಾಯ್ರೆ?"

ರೋಶನ್ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ದುರದೃಷ್ಟವೆಂದರೆ ಅದೇ. ಮಧ್ಯೆ ಕೂತು ಹಳೆ ಭಾಷೆಯನ್ನು ಹೊಸದಕ್ಕೆ ತಿಳಿಸುವ ಒಂದು ಫೈಲನ್ನು ಅವನು ಸಿ.ಡಿ.ಗೆ ಹಾಕಿ ಕೊಟ್ಟ. ಜೊತೆಗೆ ಐದು ಸ್ಪೀಕರು, ಒಂದು ಬೇಸ್ ಪೆಟ್ಟಿಗೆ, ಎಲ್ಲಿ ಯಾವುದು ಇಡಬೇಕೆಂದು ಬರೆದ ಒಂದು ಚಿತ್ರ.

ಚಿತ್ರದ ಪ್ರಕಾರ ಐದನೆಯ ಸ್ಪೀಕರ್ ಎಡ ಹಿಂದೆ ಬರಬೇಕು. ಅಲ್ಲಿ ಗೋಡೆ. ಗೋಡೆಯ ಆಚೆ ನೆರೆಮನೆಯ ವೆರೊನಿಕಾ ಬಾಯಿಯ ಅಡುಗೆಮನೆ. ಎರಡೂ ಮನೆ ಮೊದಲು ಒಂದೇ ಆಗಿದ್ದವು. ಪಾಲಾಗಿ ಆಚೆಯ ಭಾಗವನ್ನು ವೆರೊನಿಕಾ ಕೊಂಡಾಗ ನಡುವಿನ ಕಿಟಕಿಗೆ ಅವಳ ಕಡೆಯಿಂದ ಒಂದು ಹಲಗೆ ಬಡಿದು ಮುಚ್ಚಿದ್ದರು. ಆ ಗೂಡಿನಲ್ಲಿ ಸ್ಪೀಕರ್ ಸರಿಯಾಗಿ ಕೂತಿತು. ಲೀಲಾಧರ ಅಲ್ಲಿ ಸ್ವಲ್ಪ ಬುದ್ಧಿಯನ್ನೂ ಉಪಯೋಗಿಸಿದ. ಹಿಂದಿನ ಶಬ್ದ ಹಿಂದಿನಿಂದ ಬರಬೇಕಾದರೆ ಸ್ಪೀಕರ್‌ನ ಮುಖವೂ ಹಿಂದಕ್ಕೇ ಇರಬೇಕಲ್ಲ? ಅದರ ಮುಖವನ್ನು ಹಲಗೆಯ ಕಡೆ ತಿರುಗಿಸಿಟ್ಟ. ಆಟ ಶುರುಮಾಡಿದ. ಎಡ ಹಿಂದಿನಿಂದ ಏನೂ ಬರಲಿಲ್ಲ. ಆ ಒಂದು ಸ್ಪೀಕರ್‌ನ ಶಬ್ದವನ್ನು ಅರ್ಧಕ್ಕೆ ಏರಿಸಿದ. ಮುಕ್ಕಾಲಿಗೆ ಏರಿಸಿದ. ಹೊರಗೆ ಶೀಟಿನ ಮಾಡಿಗೆ ಮಳೆ ಬಡಿಯುತ್ತಿತ್ತು. ಕೊನೆಗೆ ಪೂರ್ತಿ ತಿರುಗಿಸಿಬಿಟ್ಟ.

ಕಾವಲುಗಾರ ಹದಿನೆಂಟನೆಯ ಸಲ ಬಂದ.

ಅದೇ ಹೊತ್ತಿಗೆ ವೆರೊನಿಕಾ ಬಾಯಿ ಒಲೆಯ ಮುಂದೆ ಕೂತು ಬಂಗುಡೆ ಹೆಚ್ಚುತ್ತಿದ್ದಳು. ಬಹ್ರೈನ್‌ನ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಆಯಾ ಆಗಿದ್ದವಳು, ಸುಲಭಕ್ಕೆ ಹೆದರುವವಳಲ್ಲ. ಗೋಡೆಯೊಳಗೆ ಯಾರೋ ನಡೆದ ಶಬ್ದವಾಯಿತು. ಸರಪಳಿ ಎಳೆದಂತಾಯಿತು. ಆಮೇಲೆ ಒಬ್ಬ ಹುಡುಗಿ, ಬಹಳ ದುಃಖದಿಂದ, ಇಂಗ್ಲಿಷಿನಲ್ಲಿ ಮಾತಾಡಿದಳು.

ವೆರೊನಿಕಾ ಬಾಯಿ ಕತ್ತಿ ಕೆಳಗಿಟ್ಟು ಶಿಲುಬೆಯ ಗುರುತು ಮಾಡಿಕೊಂಡಳು. ಮರುದಿನ ವಾರಿಜಾಳನ್ನು ಚಹಾಕ್ಕೆ ಕರೆದು ಅಡುಗೆಮನೆಯಲ್ಲಿ ಕೂರಿಸಿದಳು. ಮೂರೂವರೆಗೆ ವಾರಿಜಾಗೂ ಕೇಳಿತು.

"ಬಾಯಿ, ಎಂತ ಹೇಳುತ್ತಾಳೆ ಅವಳು?"

"'ಎಲ್ಲಿದ್ದೀರಿ? ನಾನು ಕಾಯುತ್ತಾ ಇದ್ದೇನೆ. ದಯವಿಟ್ಟು ಬನ್ನಿ.' ಅಷ್ಟೇ. ಅದನ್ನೇ ಹೇಳುತ್ತಾಳೆ."

ವಾರಿಜಾ ಲೋಟ ಕೆಳಗಿಟ್ಟಳು. ಲೀಲಾಧರನಿಗಿಂತ ಮೊದಲು ಅವಳಿಗೆ ಒಂದು ಹೆಣ್ಣುಮಗು ಆಗಿತ್ತು. ಸುಗಂಧಿ ಎಂದು ಹೆಸರಿಟ್ಟಿದ್ದರು. 1969ರಲ್ಲಿ ಏಳು ತಿಂಗಳಿಗೆ ಜ್ವರ ಬಂದು ಹೋಯಿತು. ವೆರೊನಿಕಾಳ ಹಿಂಬಾಗಿಲಿನ ಆಚೆ ಇರುವ ಹಲಸಿನ ಮರದ ಬುಡದಲ್ಲಿ ಮಣ್ಣು ಮಾಡಿದ್ದರು. ತೀರಿಹೋದ ಮಕ್ಕಳೂ ಆಚೆ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಮದುವೆ ಆಗದಿದ್ದರೆ ಮನೆಯ ಸುತ್ತ ಬಂದು ಕೇಳುತ್ತಾರೆ ಎಂಬುದು ಆ ಕಡೆಯ ನಂಬಿಕೆ. ಹಾಗೆ ಕೇಳುವ ಕುಲೆಗೆ, ಎಂದರೆ ತೀರಿಹೋದವರ ಆತ್ಮಕ್ಕೆ, ಇನ್ನೊಂದು ಮನೆಯ ಕುಲೆಯನ್ನು ಹುಡುಕಿ, ಮಳೆಗಾಲದ ಆಟಿ ತಿಂಗಳಲ್ಲಿ ಕ್ರಮಪ್ರಕಾರ ಮದುವೆ ಮಾಡಿಸುತ್ತಾರೆ.

"ಆದರೆ ಇಂಗ್ಲಿಷ್ ಹೇಗೆ ಬಂತು ಬಾಯಿ? ನಮ್ಮ ಸುಗಂಧಿ ಏಳು ತಿಂಗಳಲ್ಲಿ ಹೋದದ್ದು."

"ಮೂವತ್ತೆಂಟು ವರ್ಷ ಆಯಿತಲ್ಲ ವಾರಿಜಕ್ಕ. ಅಷ್ಟರಲ್ಲಿ ಯಾರಾದರೂ ಕಲಿಯುತ್ತಾರೆ. ನಾನು ಎರಡು ವರ್ಷದಲ್ಲಿ ಕಲಿತೆ."

ಸಂಜೆ ವಾರಿಜಾ ಮಗನಿಗೆ ಈ ಸ್ವರದ ಸಂಗತಿ ಹೇಳಿದಳು. ಲೀಲಾಧರ ಆಟದ ಗುಟ್ಟು ಹೊರಬಿತ್ತೆಂದೇ ತಿಳಿದ. ಖುದ್ದು ಪರಿಶೀಲಿಸದೆ ಏನನ್ನೂ ಒಪ್ಪುವುದಿಲ್ಲ ಎಂದು ಗಂಭೀರವಾಗಿ ಹೇಳಿ, ಮರುದಿನ ಮೂರೂವರೆಗೆ ಕಂಪ್ಯೂಟರ್ ಆಫ್ ಮಾಡಿಯೇ ವೆರೊನಿಕಾಳ ಅಡುಗೆಮನೆಗೆ ಹೋದ. ಅವನು ಆಫ್ ಮಾಡಿದ್ದು ಮಾನಿಟರನ್ನು. ಪರದೆ ಕಪ್ಪಾದರೆ ಕಂಪ್ಯೂಟರ್ ನಿಂತಿತು ಎಂದು ಅವನ ಲೆಕ್ಕ. ಒಳಗೆ ಆಟ ನಡೆಯುತ್ತಲೇ ಇತ್ತು, ಹುಡುಗಿ ಕಾಯುತ್ತಲೇ ಇದ್ದಳು.

ಮೂವರೂ ಒಲೆಯ ಕಡೆ ಮುಖ ಮಾಡಿ ನಿಂತರು. ಎಡಕ್ಕೆ ಜಂಟಿ ಗೋಡೆ. ಬಲಕ್ಕೆ ಹಿಂಬಾಗಿಲು, ಅದರಾಚೆ ಹಲಸಿನ ಮರ. ಹುಡುಗಿ ಕರೆದಳು. ಆಟದ ಹುಡುಗಿಯ ಸ್ವರದ ಹಾಗೇ ಉಂಟಲ್ಲ ಎಂದು ಲೀಲಾಧರನಿಗೆ ಒಂದು ಕ್ಷಣ ಅನ್ನಿಸಿತು. ಆದರೆ ಕಂಪ್ಯೂಟರ್ ಆಫ್ ಆಗಿದೆ. ಮೇಲಾಗಿ ಶಬ್ದ ಬರುತ್ತಿರುವುದು ಗೋಡೆಯಿಂದ ಅಲ್ಲ.

ಅವನು ಕೈ ಎತ್ತಿ ಬಲಗಡೆಯ ಬಾಗಿಲು ತೋರಿಸಿದ. "ಹಲಸಿನ ಮರದಿಂದ" ಎಂದ.

"ನಮಗೆ ಗೋಡೆಯಿಂದ ಬಂದಂತೆ ಕೇಳಿತು" ಎಂದಳು ವೆರೊನಿಕಾ ಬಾಯಿ.

"ಬಾಯಿ, ನಿಮ್ಮದು ಬಂಗುಡೆ ಹೆಚ್ಚುವ ಕಿವಿ" ಎಂದಳು ವಾರಿಜಾ, ಅಳುತ್ತಾ. "ಇವನದ್ದು ಮೆಷಿನ್ ಕೇಳುವ ಕಿವಿ."

ಅಲ್ಲಿಗೆ ತನಿಖೆ ಮುಗಿಯಿತು.

ಜುಲೈ 22ರ ಭಾನುವಾರ ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ ಒಬ್ಬ ಜೋಯಿಸರ ಮನೆಯಲ್ಲಿ ಪ್ರಶ್ನೆ ಇಟ್ಟರು. ಜೋಯಿಸರು ಕವಡೆ ಹಾಕಿ, "ಹೆಣ್ಣು. ಬಲಗಡೆ ಒಂದು ಮರ. ಕಾಯುತ್ತಾ ಉಂಟು" ಎಂದರು. ಈ ಮೂರೂ ಸಂಗತಿಯನ್ನು ವಾರಿಜಾ ಒಳಗೆ ಬರುವಾಗಲೇ ಅವರಿಗೆ ಹೇಳಿದ್ದಳು. ಆದರೂ ಎಲ್ಲರಿಗೂ ಮೈ ಜುಂ ಎಂದಿತು.

ವರ ಸಿಕ್ಕಿದ್ದು ಪಡುಬಿದ್ರಿಯಲ್ಲಿ. ದೂಮಪ್ಪ ಎಂಬ ದೋಣಿಯ ಮುದುಕರ ತಮ್ಮ ಸಂಜೀವ, 1966ರಲ್ಲಿ ಎರಡು ವರ್ಷಕ್ಕೆ ಹೋದವನು. ದೂಮಪ್ಪ ವೀಳ್ಯದ ಮಾತಿಗೆ ಬಂದು ಜಗಲಿಯಲ್ಲಿ ಕೂತು ಎಲೆಗೆ ನಿಧಾನಕ್ಕೆ ಸುಣ್ಣ ಹಚ್ಚಿ ಮಡಚಿದರು.

"ಹುಡುಗಿ ಇಂಗ್ಲಿಷ್ ಮಾತಾಡುತ್ತಾಳಂತೆ" ಎಂದರು ಕೊನೆಗೆ.

"ಸ್ವಲ್ಪ, ಸ್ವಲ್ಪ" ಎಂದಳು ವಾರಿಜಾ.

"ನಮ್ಮ ಹುಡುಗನಿಗೆ ತುಳು ಮಾತ್ರ. ಅದೂ ಪೂರ್ತಿ ಇಲ್ಲ. ಹೋಗುವಾಗ ತಾಯಿಯನ್ನು 'ಅಪ್ಪೆ' ಅಂತ ಕರೆಯುವ ಒಂದೇ ಮಾತು ಬರುತ್ತಿತ್ತು. ನಾಳೆ ಇಬ್ಬರಿಗೆ ಹೊಂದಿಕೆ ಆಗದಿದ್ದರೆ ಬಂದು ನಮ್ಮ ಮನೆಯಲ್ಲಿ ಪಾತ್ರೆ ಬೀಳಿಸುವುದು."

ವೆರೊನಿಕಾ ಬಾಯಿ ಹುಡುಗಿಯ ಪರವಾಗಿ ಸಾಕ್ಷಿ ಹೇಳಿದಳು. "ಹತ್ತು ಹದಿನೈದು ದಿನದಿಂದ ಕೇಳುತ್ತಾ ಇದ್ದೇನೆ ದೂಮಪ್ಪಣ್ಣ. ಒಂದು ಕೆಟ್ಟ ಮಾತಿಲ್ಲ. ಪ್ಲೀಸ್ ಅನ್ನದೆ ಯಾರನ್ನೂ ಕರೆಯುವುದಿಲ್ಲ. ಇಂಥ ಮರ್ಯಾದೆಯ ಹುಡುಗಿ ಬದುಕಿದ್ದವರಲ್ಲೇ ಇಲ್ಲ."

ದೂಮಪ್ಪ ಲೀಲಾಧರನ ಕಡೆ ತಿರುಗಿದರು. ಅವರು ಕೂತದ್ದು ಅವನ ಎಡಕ್ಕೆ. "ನೀನೇ ಕೇಳಿದ್ದಂತೆ, ಹೌದಾ?" ಲೀಲಾಧರ ಎದುರಿನ ತೆಂಗಿನ ಮರ ನೋಡುತ್ತಾ ಸುಮ್ಮನಿದ್ದ. ಅಣ್ಣನಾದವನ ದುಃಖ ಎಂದು ದೂಮಪ್ಪ ಗೌರವದಿಂದ ಅರ್ಥಮಾಡಿಕೊಂಡರು. ಅಣ್ಣನಲ್ಲ, ತಮ್ಮ ಎಂದು ವಾರಿಜಾ ಬಿಡಿಸಿ ಹೇಳಿದಳು. ಆಗಸ್ಟ್ 5, ಭಾನುವಾರಕ್ಕೆ ಮದುವೆ ನಿಶ್ಚಯವಾಯಿತು.

ಈ ನಡುವೆ ಲೀಲಾಧರ ಆಟ ಬಿಟ್ಟಿರಲಿಲ್ಲ. ಮನೆಯಲ್ಲಿ ಕುಲೆ ಇದೆ ಎಂಬ ಭಯ ಒಂದು ಕಡೆ, ಕಂಪ್ಯೂಟರಿನಲ್ಲಿ ಎಡಗಡೆ ಸತ್ತಿದೆ ಎಂಬ ಅವಮಾನ ಇನ್ನೊಂದು ಕಡೆ. ಎರಡಕ್ಕೂ ಸಂಬಂಧ ಇರಬಹುದೆಂದು ಅವನಿಗೆ ಹೊಳೆಯಲಿಲ್ಲ. ರೋಶನ್‌ಗೆ ಫೋನು ಮಾಡಿ, "ನಿನ್ನ ಫೈಲು ಸರಿ ಇಲ್ಲ ಮಾರಾಯ, ಎಲ್ಲ ಬಲದಿಂದಲೇ ಬರುತ್ತದೆ" ಎಂದು ನಾಲ್ಕು ಸಲ ಜಗಳವಾಡಿದ. ನಾಲ್ಕನೆಯ ಸಲ ರೋಶನ್‌ಗೂ ಕೋಪ ಬಂತು. ಅಂಗಡಿಗೆ ರಜೆ ಇರುವ ದಿನ ಬಂದು ತಾನೇ ನೋಡುವುದಾಗಿ ಹೇಳಿದ. ಅಂಗಡಿಗೆ ರಜೆ ಭಾನುವಾರ.

ಆಗಸ್ಟ್ 5ರಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಲೀಲಾಧರನ ಮನೆಯ ಚಾವಡಿಯಲ್ಲಿ ಇಪ್ಪತ್ತಮೂರು ಜನ ಸೇರಿದ್ದರು. ಎರಡು ಮಣೆ ಹಾಕಿತ್ತು. ಒಂದರ ಮೇಲೆ ಹಸಿರು ಸೀರೆ, ಬಳೆ, ಕರಿಮಣಿ, ಒಂದು ಚೆಂಡು ಮಲ್ಲಿಗೆ; ಇನ್ನೊಂದರ ಮೇಲೆ ಪಂಚೆ, ಶಾಲು. ಸದ್ದು ಮಾಡದೆ ಮಾಡುವ ಮದುವೆ ಅದು, ವಾದ್ಯವಿಲ್ಲ, ನಗುವಿಲ್ಲ. ಓಸ್ವಾಲ್ಡ್ ಬಂದಿದ್ದರು. ಈಶಪ್ಪ ಬಂದಿದ್ದ, ತನ್ನೂರಲ್ಲಿ ಇಂಥದ್ದನ್ನು ನೋಡಿರದ ಅವನು, ಯಾರನ್ನು ಮಾತಾಡಿಸಬೇಕೆಂದು ತಿಳಿಯದೆ ಎರಡೂ ಮಣೆಗೆ ಕೈಮುಗಿದು ಮೂಲೆಯಲ್ಲಿ ನಿಂತ. ಹಿಂಬಾಗಿಲಿನಿಂದ ರೋಶನ್ ಬಂದದ್ದನ್ನು ಯಾರೂ ಗಮನಿಸಲಿಲ್ಲ. ಊಟದ ಏರ್ಪಾಡು ಎಂದು ತಿಳಿದು ಅವನು ನೇರ ಒಳಕೋಣೆಗೆ ಹೋದ. ಗೂಡಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ ಸ್ಪೀಕರನ್ನು ಕಂಡು ಹಣೆ ಚಚ್ಚಿಕೊಂಡ. ಅದನ್ನು ಈಚೆ ತಿರುಗಿಸಿದ. ಆಟ ಹಾಕಿದ.

ಲೀಲಾಧರ ಮಣೆಯ ಬಳಿ ನಿಂತು ತೆಂಗಿನಕಾಯಿ ಕೈಗೆತ್ತಿಕೊಂಡಿದ್ದ. ಅವನ ಎಡಕ್ಕೆ ಒಳಕೋಣೆಯ ಬಾಗಿಲು, ಬಲಕ್ಕೆ ಬೀದಿಯ ಬಾಗಿಲು.

"ಎಲ್ಲಿದ್ದೀರಿ?" ಎಂದಳು ಹುಡುಗಿ ಇಂಗ್ಲಿಷಿನಲ್ಲಿ, ಇಡೀ ಚಾವಡಿ ತುಂಬುವಂತೆ. "ನಾನು ಕಾಯುತ್ತಾ ಇದ್ದೇನೆ. ದಯವಿಟ್ಟು ಬನ್ನಿ."

ಅಲ್ಲಿದ್ದ ಇಪ್ಪತ್ತೆರಡು ತಲೆಗಳು ಎಡಕ್ಕೆ ತಿರುಗಿದವು. ಲೀಲಾಧರನ ತಲೆ ಬಲಕ್ಕೆ ತಿರುಗಿತು.

ಅವನು ಖಾಲಿ ಬೀದಿಯನ್ನು ನೋಡುತ್ತಾ ಬೆವರುತ್ತಿದ್ದಾಗ ಒಳಕೋಣೆಯಿಂದ ರೋಶನ್‌ನ ಗೆದ್ದ ಸ್ವರ ಬಂತು. "ಲೀಲಣ್ಣ! ಸ್ಪೀಕರ್ ಉಲ್ಟಾ ಇಟ್ಟದ್ದು ನೀವು! ಈಗ ಕೇಳಿತಾ, ಹುಡುಗಿ ಸರಿಯಾಗಿ ಎಡ ಹಿಂದಿನಿಂದ ಕರೆದಳಲ್ಲ?"

ಅಭ್ಯಾಸ ಕೆಟ್ಟದ್ದು. ನಾಲ್ಕು ಫೋನಿನ ಜಗಳ ಬಾಯಲ್ಲೇ ಇತ್ತು. "ಎಲ್ಲಿಯ ಎಡ ಮಾರಾಯ!" ಎಂದ ಲೀಲಾಧರ, ಬೀದಿಯ ಕಡೆಗೇ. "ಬಲದಿಂದಲೇ ಬಂತು. ಇನ್ನೂ ಸರಿ ಆಗಲೇ ಇಲ್ಲ."

ಹೇಳಿದ ಮೇಲೆ ಅವನಿಗೆ ತಾನು ಏನು ಹೇಳಿದೆನೆಂದು ತಿಳಿಯಿತು. ಮದುವೆಗೆ ಬಂದವರಿಗೂ ನಿಧಾನವಾಗಿ ತಿಳಿಯತೊಡಗಿತು. ವೆರೊನಿಕಾ ಬಾಯಿ ಒಳಗೆ ಹೋಗಿ ಸ್ಪೀಕರ್ ನೋಡಿದಳು, ಹಲಗೆ ನೋಡಿದಳು, ಪರದೆಯ ಮೇಲಿನ ಕತ್ತಲೆ ಬಂದರು ನೋಡಿದಳು. ಹೊರಗೆ ಬಂದು, "ಆಟ" ಎಂದು ಒಂದೇ ಪದ ಹೇಳಿ ಕೂತಳು.

"ಆಟ?" ಎಂದಳು ವಾರಿಜಾ. "ಪ್ಲಾಂಟಿನ ಸ್ಟಡಿ ಅಲ್ವಾ?"

ಇದಕ್ಕೆ ಲೀಲಾಧರ ಉತ್ತರ ಕೊಡಲಿಲ್ಲ. ತಾಯಿ ಅವನ ಎಡಕ್ಕಿದ್ದಳು.

ಓಸ್ವಾಲ್ಡ್ ಮಾತ್ರ ಕಂಪ್ಯೂಟರಿನ ಕಡೆ ನೋಡಲಿಲ್ಲ. ಅವರು ಎದ್ದು ಬಂದು ಲೀಲಾಧರನ ಎಡಕ್ಕೆ, ಒಂದು ಮೊಳ ಹಿಂದೆ ನಿಂತು, ಕಿಸೆಯಿಂದ ಪ್ಲಾಂಟಿನ ಕೀಲಿ ಗೊಂಚಲು ತೆಗೆದು ನೆಲಕ್ಕೆ ಬಿಟ್ಟರು. ಲೀಲಾಧರ ಬಲಕ್ಕೆ ತಿರುಗಿ ಹುಡುಕಿದ.

"ಎಷ್ಟು ಸಮಯ ಆಯಿತು?" ಎಂದು ಓಸ್ವಾಲ್ಡ್ ಅವನ ಬಲಕ್ಕೆ ಬಂದು ಕೇಳಿದರು.

"ಎಂತದ್ದು ಧಣಿ?"

ಉತ್ತರ ಮೂಲೆಯಿಂದ ಬಂತು. "ಎರಡ ವರ್ಷ ಆತ್ರೀ ಸಾಹೇಬ್ರ" ಎಂದ ಈಶಪ್ಪ, ತಲೆ ತಗ್ಗಿಸಿ. "ನಾ ಮೊದಲ ಹೇಳಬೇಕಿತ್ತು."

ಲೀಲಾಧರ ತೆಂಗಿನಕಾಯಿಯನ್ನು ಕೈಯಿಂದ ಕೈಗೆ ಬದಲಾಯಿಸಿದ. ಆಮೇಲೆ ಬಲಗಿವಿಯನ್ನು ಅಂಗೈಯಿಂದ ಮುಚ್ಚಿ ನಿಂತ. ಮಳೆ ನಿಂತಂತಾಯಿತು. ಜನರ ಬಾಯಿ ಮಾತ್ರ ಆಡುತ್ತಿತ್ತು. ಅವನು ಕೈ ತೆಗೆಯಲು ಬಹಳ ಹೊತ್ತು ಹಿಡಿಯಿತು.

ದೂಮಪ್ಪ ಎದ್ದರು. "ಹಾಗಾದರೆ ನಾವು ಹೊರಡುವುದಾ? ಹುಡುಗಿ ಕರೆಯಲಿಲ್ಲ ಅಂತ ಆಯಿತಲ್ಲ."

ವಾರಿಜಾ ಹಸಿರು ಸೀರೆಯ ನೆರಿಗೆ ಸರಿಮಾಡುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಕರೆಯಲಿಲ್ಲ, ಸರಿ. ಆದರೆ ಇದ್ದದ್ದು ಹೌದಲ್ಲ ದೂಮಪ್ಪಣ್ಣ? ಏಳು ತಿಂಗಳು ಇತ್ತು."

ದೂಮಪ್ಪ ನಿಂತಲ್ಲೇ ನಿಂತರು. ಹೊರಗೆ ಬಂದಿದ್ದ ರೋಶನ್, ಕುಲೆಯ ಮದುವೆ ಎಂದು ಆಗ ತಾನೇ ತಿಳಿದು, ಕೈಯಲ್ಲಿ ವಯರು ಹಿಡಿದು ಬಾಗಿಲಲ್ಲೇ ನಿಂತಿದ್ದ.

"ನಮ್ಮದೂ ಇದ್ದದ್ದು ಹೌದು" ಎಂದರು ದೂಮಪ್ಪ. ಮತ್ತೆ ಕೂತರು. "ಹುಡುಗಿಗೆ ಇಂಗ್ಲಿಷ್ ಬರುವುದಿಲ್ಲ ಅಂತಾಯಿತಲ್ಲ. ಅದೊಂದು ಒಳ್ಳೆಯದಾಯಿತು."

ಹನ್ನೊಂದು ಐವತ್ತಕ್ಕೆ ಮದುವೆ ಮುಗಿಯಿತು. ಇಪ್ಪತ್ತನಾಲ್ಕು ಎಲೆಗೆ ಬಡಿಸಿದರು. ರೋಶನ್ ಕೂಡ ಕೂತು ಉಂಡ. ಸೀರೆ, ಬಳೆ, ಮಲ್ಲಿಗೆಯನ್ನು ದೂಮಪ್ಪನ ಮನೆಯವರು ಬುಟ್ಟಿಯಲ್ಲಿಟ್ಟು ಪಡುಬಿದ್ರಿಯ ಬಸ್ಸು ಹತ್ತಿದರು. ವಾರಿಜಾ ಬಸ್ಸು ಹೋಗುವವರೆಗೆ ರಸ್ತೆಯಲ್ಲಿ ನಿಂತಿದ್ದಳು.

ಮರುದಿನ ಮಣಿಪಾಲದ ಆಸ್ಪತ್ರೆಯಲ್ಲಿ ಅಶ್ವಿನಿ ಎಂಬ ಪರೀಕ್ಷಕಿ ಲೀಲಾಧರನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದಳು. ಶಬ್ದ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಬಲಗಿವಿಗೆ ಅವನು ಹೆಚ್ಚುಕಡಿಮೆ ಎಲ್ಲದಕ್ಕೂ ಒತ್ತಿದ. ಸಣ್ಣ ಶಬ್ದಗಳಲ್ಲಿ ಕೆಲವು ತಪ್ಪಿದವು. ಎಡಗಿವಿಯ ಸರದಿ ಬಂದಾಗ ಗುಂಡಿಯ ಮೇಲೆ ಬೆರಳಿಟ್ಟು ಹನ್ನೊಂದು ನಿಮಿಷ ಕಾದ. ಆಮೇಲೆ, "ಶುರು ಮಾಡಿ ಮೇಡಂ" ಎಂದ.

"ಮುಗಿಯಿತು" ಎಂದಳು ಅಶ್ವಿನಿ, ಗಾಜಿನ ಆಚೆಯಿಂದ, ಕೈಸನ್ನೆ ಮಾಡಿ.

ಹೋದ ಕಿವಿ ವಾಪಸು ಬರುವುದಿಲ್ಲ, ಇನ್ನೊಂದನ್ನು ಉಳಿಸಿಕೊಳ್ಳಬೇಕಾದರೆ ಯಂತ್ರದ ಹತ್ತಿರ ಹೋಗಬಾರದು ಎಂದು ವೈದ್ಯರು ಬರೆದುಕೊಟ್ಟರು. ಲೀಲಾಧರ ಆ ಚೀಟಿಯನ್ನು ಓಸ್ವಾಲ್ಡ್‌ಗೂ ಉದ್ದನೆಯ ಸ್ಕ್ರೂಡ್ರೈವರನ್ನು ಈಶಪ್ಪನಿಗೂ ಕೊಟ್ಟ. "ಒಂದೇ ಕಿವಿಯಲ್ಲಿ ಕೇಳಬೇಡ, ಬದಲಾಯಿಸುತ್ತಾ ಇರು" ಎಂದು ಹೇಳಿದ. ಈಶಪ್ಪ ಬಲಕ್ಕೆ ಬಂದು, "ಆತ್ರೀ ಅಣ್ಣಾರ" ಎಂದ.

ಆಗಸ್ಟ್ 8, ಬುಧವಾರ, ಬೆಳಿಗ್ಗೆ ಆರು ಗಂಟೆಗೆ ಕಂಪ್ರೆಸರ್ ಶುರುವಾಯಿತು. ಈಶಪ್ಪ ಕಿವಿಯಿಟ್ಟು ಕೇಳಿ ಎರಡನೆಯ ವಾಲ್ವ್ ಸಡಿಲ ಎಂದ. ಬಿಚ್ಚಿ ನೋಡಿದಾಗ ಎರಡನೆಯದೇ ಸಡಿಲವಿತ್ತು. ಲೀಲಾಧರನಿಗೆ ಗೇಟಿನಲ್ಲಿ ಲಾರಿ ನಂಬರು ಬರೆಯುವ ಕೆಲಸ ಕೊಟ್ಟರು. ಲಾರಿಗಳು ಬರುವ ರಸ್ತೆ ಗೇಟಿನ ಎಡಕ್ಕಿತ್ತು. ಮಧ್ಯಾಹ್ನ ಈಶಪ್ಪ ಬಂದು ಅವನ ಕುರ್ಚಿಯನ್ನು ತಿರುಗಿಸಿ, ರಸ್ತೆ ಬಲಕ್ಕೆ ಬರುವ ಹಾಗೆ ಇಟ್ಟು ಹೋದ.